ಅವ್ವನ ಮೂಗು

ನಮ್ಮ ಅಪ್ಪ ಕುಡಿದು ಕುಡಿದೇ ಹೋದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದರೆ ಈ ಬರಹ ಬಿಯರ್ ಕುದಿಸುವ ಜಾಗ, ವೈನ್ ಮಾಡುವ ಜಾಗ ಹುಡುಕಿಕೊಂಡು ನಾನು ಊರೂರು ಸುತ್ತಿದ ಬಗ್ಗೆ. ಗದಗದಲ್ಲಿರುವ ನಮ್ಮ ಬಳಗಕ್ಕೆ ಈ ಸುದ್ದಿ ಮುಟ್ಟಿದಾಗ ಅತ್ತೆಯೊಬ್ಬರು ನೇರವಾಗಿ ಕೇಳಿದರು: "ಅಪ್ಪನ್ನ ತಿಂದ ವಸ್ತು ನೋಡಾಕ ರೊಕ್ಕಾ ಕೊಟ್ಟು ಹೋಗ್ತೀಯೇನವಾ?" ಅವತ್ತು ನನ್ನ ಬಾಯಿಂದ ಮಾತು ಬರಲಿಲ್ಲ. ಅವರು ಕೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ನಾವು ಬೆಳೆದದ್ದು ಬೆಟಗೇರಿಯಲ್ಲಿ, ದಿನವಿಡೀ ಮಗ್ಗದ ಸದ್ದು ಕೇಳುವ ಓಣಿಯಲ್ಲಿ. ಅಪ್ಪ ಬೇರೆಯವರ ಮಗ್ಗದಲ್ಲಿ ನೇಯುತ್ತಿದ್ದ. ನಾನು ಶಾಲೆಯಿಂದ ಬಂದು ಕಂಡಿಕೆ ಸುತ್ತುತ್ತಿದ್ದೆ. ಪಗಾರದ ದಿನ ಸಂಜೆ ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ಕೂರುತ್ತಿದ್ದರು. ಹರಟೆ ಹೊಡೆಯಲು ಅಲ್ಲ. ಗಂಡಂದಿರು ಯಾವ ದಾರಿ ಹಿಡಿದು ಬರುತ್ತಾರೆ ಅಂತ ನೋಡಲು. ಸಾರಾಯಿ ಆಗ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುತ್ತಿತ್ತು. ಮೂಲೆಯನ್ನು ಹಲ್ಲಿನಿಂದ ಹರಿದು, ತಲೆ ಹಿಂದಕ್ಕೆ ಚೆಲ್ಲಿ, ಒಂದೇ ಗುಟುಕಿಗೆ ಮುಗಿಸಿಬಿಡುತ್ತಿದ್ದರು. ಅದರಲ್ಲಿ ಇದ್ದದ್ದು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟು ಮತ್ತು ನೀರು. ಯಾರು ಮಾಡಿದರು, ಎಲ್ಲಿ ಮಾಡಿದರು, ಯಾರೂ ಕೇಳುತ್ತಿರಲಿಲ್ಲ. ರುಚಿ ಹೇಗಿದೆ ಅಂತಲೂ ಯಾರೂ ಹೇಳುತ್ತಿರಲಿಲ್ಲ. ನಾಲಿಗೆಗೆ ಗೊತ್ತಾಗುವ ಮುಂಚೆ ಗಂಟಲು ದಾಟಿಸುವುದೇ ಅಲ್ಲಿ ಕುಡಿಯುವ ರೀತಿ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಓಣಿಯಲ್ಲಿ ಹೆಂಗಸರು ಹೋಳಿಗೆ ಮಾಡಿದರು. ಅವ್ವನೂ ಮಾಡಿದಳು. ಆದರೆ ಸ್ವಲ್ಪ ದಿನದಲ್ಲೇ ಅಪ್ಪನ ಜೇಬಿನಲ್ಲಿ ಅಗ್ಗದ ವಿಸ್ಕಿಯ ಪುಟ್ಟ ಬಾಟಲಿ ಸಿಗತೊಡಗಿತು. ಅದೂ ಬಹುಪಾಲು ಕಾಕಂಬಿಯದೇ ಸರಕು, ಬಣ್ಣ ಮತ್ತು ಹೆಸರು ಮಾತ್ರ ಬೇರೆ. ಅದಾಗಿ ನಾಲ್ಕು ವರ್ಷಕ್ಕೆ ಅಪ್ಪನ ಲಿವರ್ ಕೈಕೊಟ್ಟಿತು.

ಆಮೇಲೆ ಬಹಳ ವರ್ಷಗಳ ನಂತರ ಒಂದು ವಿಷಯ ಗೊತ್ತಾಯಿತು. ಅದೇ 2007ರಲ್ಲೇ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತ್ತು. ದ್ರಾಕ್ಷಿ ಬೆಳೆಗಾರರಿಗೆ ಇನ್ನೊಂದು ದಾರಿ ಮಾಡಿಕೊಡಬೇಕು ಅನ್ನುವುದು ಅದರ ಲೆಕ್ಕ. ಒಂದೇ ವರ್ಷದಲ್ಲಿ ಒಂದು ಬಾಗಿಲು ಮುಚ್ಚಿದ್ದು, ಇನ್ನೊಂದು ತೆರೆದದ್ದು. ನಮ್ಮ ಮನೆಗೆ ಮೊದಲನೆಯದು ಮಾತ್ರ ಗೊತ್ತಿತ್ತು.

ನನಗೆ ಈ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ. ನಾನು ಈಗ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಆಫೀಸಿನ ತರಬೇತಿಗೆ ಹೋದಾಗ ಜೊತೆಯವರು ಇಂದಿರಾನಗರದ ಟಾಯಿಟ್‌ಗೆ ಕರೆದುಕೊಂಡು ಹೋದರು. 2010ರಲ್ಲಿ ಶುರುವಾದ ಜಾಗ, ಬೆಂಗಳೂರಿನ ಮೊದಮೊದಲ ಬ್ರೂಪಬ್‌ಗಳಲ್ಲಿ ಒಂದು. ಅಂಥ ಕಡೆ ಹೋದರೆ ನನಗೆ ಎದೆ ಬಿಗಿಯುತ್ತದೆ. ಎಲ್ಲರೂ ಕುಡಿಯುತ್ತಿದ್ದಾಗ ನಾನು ಸುಮ್ನೆ ಆಚೀಚೆ ನೋಡುತ್ತಾ ಕೂತಿದ್ದೆ. ಆಗ ಕಂಡದ್ದು ದೊಡ್ಡ ದೊಡ್ಡ ಹಂಡೆಗಳು. ಬಿಯರ್ ಇಲ್ಲೇ ಮಾಡುತ್ತಾರಾ ಅಂತ ಕೇಳಿದೆ. ಹೌದು, ಇಲ್ಲೇ ಅಂದರು.

ಅಷ್ಟು ವರ್ಷ ಕುಡಿತದ ಮನೆಯಲ್ಲಿ ಬೆಳೆದ ನನಗೆ ಅದನ್ನು ಹೇಗೆ ಮಾಡುತ್ತಾರೆ ಅನ್ನುವುದೇ ಗೊತ್ತಿರಲಿಲ್ಲ ಅಲ್ವಾ ಅಂತ ಆ ಹೊತ್ತಿಗೆ ಹೊಳೆಯಿತು. ಅವತ್ತಿನಿಂದ ಎಲ್ಲಿ ಹೋದರೂ ಮಾಡುವ ಕೋಣೆ ನೋಡಬಹುದಾ ಅಂತ ಕೇಳುವುದನ್ನು ರೂಢಿ ಮಾಡಿಕೊಂಡೆ. ಜನ ಕಮ್ಮಿ ಇರುವ ದಿನ, ಅಂದರೆ ಶನಿವಾರ ಭಾನುವಾರ ಬಿಟ್ಟು, ಹಗಲು ಹೊತ್ತಿನಲ್ಲಿ ಹೋಗಿ ಮರ್ಯಾದೆಯಿಂದ ಕೇಳಿದರೆ ಬಹಳ ಕಡೆ ಒಳಗೆ ಬಿಡುತ್ತಾರೆ. ಮಾಡುವವರಿಗೆ ತಮ್ಮ ಕೆಲಸ ತೋರಿಸುವುದು ಖುಷಿ. ಮಗ್ಗದವರೂ ಹಾಗೇ. ಸೀರೆ ಕೊಳ್ಳಲು ಬಂದವರಿಗಿಂತ ನೇಯುವುದನ್ನು ನೋಡಲು ಬಂದವರಿಗೆ ಹೆಚ್ಚು ಹೊತ್ತು ಕೊಡುತ್ತಾರೆ.

ಒಂದು ಚಿಕ್ಕ ಬ್ರೂವರಿಯಲ್ಲಿ ಮಾಡುವ ಹುಡುಗ ನನ್ನ ಅಂಗೈಗೆ ಒಂದು ಹಿಡಿ ಕಾಳು ಹಾಕಿ ಜಗಿಯಿರಿ ಅಂದ. ಜವೆಗೋದಿ, ಅಂದರೆ ಬಾರ್ಲಿ. ನೆನೆಸಿ, ಮೊಳಕೆ ಬರಿಸಿ, ಮೊಳಕೆ ಉದ್ದ ಆಗುವ ಮುಂಚೆ ಬಿಸಿ ಗಾಳಿಯಲ್ಲಿ ಒಣಗಿಸಿದ್ದು. ಜಗಿದರೆ ಮೊದಲು ಹುರಿಗಡಲೆ, ಆಮೇಲೆ ಮೆಲ್ಲಗೆ ಸಿಹಿ. ಇದೇ ಮಾಲ್ಟ್. ರಾಗಿ ಮಾಲ್ಟ್ ಕುಡಿದು ಬೆಳೆದ ನಾಡಿನವರಿಗೆ ಇದರಲ್ಲಿ ಅರ್ಥ ಆಗದ್ದು ಏನೂ ಇಲ್ಲ. ಕಾಳು ಮೊಳೆತಾಗ ಅದರೊಳಗಿನ ಹಿಟ್ಟನ್ನು ಸಕ್ಕರೆ ಮಾಡುವ ಶಕ್ತಿ ಅದಕ್ಕೇ ಬರುತ್ತದೆ. ಅದನ್ನು ನುಚ್ಚು ಮಾಡಿ, ಸುಮಾರು 65 ಡಿಗ್ರಿ ಬಿಸಿ ನೀರಿನಲ್ಲಿ ಒಂದು ತಾಸು ಇಟ್ಟರೆ ಆ ನೀರು ಸಿಹಿ ಗಂಜಿ ಆಗುತ್ತದೆ. ಸೋಸಿ, ಹಾಪ್ಸ್ ಅನ್ನುವ ಬಳ್ಳಿಯ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಬಿಡುತ್ತಾರೆ. ಆಮೇಲೆ ಎರಡು ಮೂರು ವಾರ ಕಾಯುವುದೇ ಕೆಲಸ. ಸೋಸಿ ಉಳಿದ ಹಿಂಡಿ ದನಗಳಿಗೆ ಹೋಗುತ್ತದೆ.

ಆಫ್ರಿಕಾದಲ್ಲಿ ನಮ್ಮ ಜೋಳವನ್ನೇ ಹೀಗೆ ಮೊಳಕೆ ಬರಿಸಿ ಬಿಯರ್ ಮಾಡುತ್ತಾರೆ ಅಂತಲೂ ಆ ಹುಡುಗನೇ ಹೇಳಿದ. ಮೂರು ಹೊತ್ತು ರೊಟ್ಟಿ ತಟ್ಟುವ ಮನೆಯಿಂದ ಬಂದವಳಿಗೆ ಅದು ದೊಡ್ಡ ಸುದ್ದಿ. ಜೋಳ ಅಂದರೆ ರೊಟ್ಟಿ, ಅಂಬಲಿ, ಸಂಗಟಿ ಅಷ್ಟೇ ಅಂದುಕೊಂಡಿದ್ದೆ.

ನಮ್ಮ ಮನೆಯವರು ಹಾವೇರಿಯವರು. ಮದುವೆಗೆ ಅವರ ಕಡೆಯವರು ಹಾವೇರಿಯ ಏಲಕ್ಕಿ ಹಾರವನ್ನೇ ತಂದಿದ್ದರು, ಮಂಟಪವೆಲ್ಲ ಘಮಘಮ ಅನ್ನುತ್ತಿತ್ತು. ಅವರಿಗೆ ಕುಡಿಯುವ ಚಟ ಇಲ್ಲ, ಕಾರು ಓಡಿಸುವ ಹುಚ್ಚು ಜಾಸ್ತಿ. ಹಾಗಾಗಿ ನಮ್ಮ ತಿರುಗಾಟಕ್ಕೆ ಡ್ರೈವರ್ ಸಮಸ್ಯೆ ಬರಲಿಲ್ಲ. ರುಚಿ ನೋಡುವುದು ಎರಡು ಗುಟುಕೇ ಇರಲಿ, ನೋಡಿದವರು ಸ್ಟೇರಿಂಗ್ ಮುಟ್ಟಬಾರದು. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಹುಬ್ಬಳ್ಳಿಯವರಿಗೆ ಗೋವಾ ಅಂದರೆ ಪಕ್ಕದ ಮನೆ. ಏಪ್ರಿಲ್‌ನಲ್ಲಿ ಹೋದರೆ ಗೇರುಹಣ್ಣಿನ ಕಾಲ. ಭಟ್ಟಿ ನೋಡಬೇಕಂದರೆ ಆಗಲೇ ಹೋಗಬೇಕು. ಮರದಿಂದ ಹಣ್ಣು ಕೀಳುವುದಿಲ್ಲ, ತಾನಾಗೇ ಬಿದ್ದದ್ದನ್ನು ಮಾತ್ರ ಆಯುತ್ತಾರೆ. ಬೀಜ ತಿರುವಿ ತೆಗೆದು, ಹಣ್ಣನ್ನು ತುಳಿದು ರಸ ತೆಗೆಯುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿರುವುದೇ ಸಾಕು, ಒಂದೆರಡು ದಿನದಲ್ಲಿ ರಸ ತಾನೇ ಕುದಿ ಬಂದಂತೆ ನೊರೆ ಏಳುತ್ತದೆ. ಮೊದಲ ಸಲ ಭಟ್ಟಿ ಇಳಿಸಿದ್ದು ಉರಾಕ್, ತೆಳು. ಅದನ್ನು ರಸದ ಜೊತೆ ಸೇರಿಸಿ ಮತ್ತೆ ಇಳಿಸಿದರೆ ಫೆನಿ. ಕೊಂಕಣಿಯಲ್ಲಿ ಫೇಣ್ ಅಂದರೆ ನೊರೆ. ಸೀಸೆ ಅಲ್ಲಾಡಿಸಿದರೆ ನೊರೆ ಏಳುವುದಕ್ಕೇ ಆ ಹೆಸರು ಬಂತು ಅಂತಾರೆ. ನಮ್ಮ ಕಡೆ ಫೇಣಿ ಅಂದರೆ ಮದುವೆ ಊಟದ ಸಿಹಿ. ಗೇರುಮರ ತಂದದ್ದು ಪೋರ್ಚುಗೀಸರು, ಬ್ರೆಜಿಲ್‌ನಿಂದ. ಭಟ್ಟಿ ಇಳಿಸಿ ಅದನ್ನು ಫೆನಿ ಮಾಡಿದ್ದು ಗೋವೆಯ ಕೈಗಳು. 2009ರಲ್ಲಿ ಗೋವಾ ಗೇರು ಫೆನಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕ ಹಾಗೆ.

ಅದೇ ಪ್ರಯಾಣದಲ್ಲಿ ಒಂದು ಕೆಟ್ಟ ಅನುಭವವೂ ಆಯಿತು. ರಸ್ತೆ ಬದಿಯ ಅಂಗಡಿಯೊಂದರಲ್ಲಿ ಲೇಬಲ್ ಇಲ್ಲದ ಬಾಟಲಿ ತೆಗೆದುಕೊಂಡೆವು, ಮನೆಯಲ್ಲೇ ಮಾಡಿದ ಫೆನಿ ಅಂತ ಕೊಟ್ಟರು. ಒಂದು ಹನಿ ನಾಲಿಗೆಗೆ ಹಚ್ಚಿದ ಕೂಡಲೇ ನನಗೆ ಬೆಟಗೇರಿ ನೆನಪಾಯಿತು. ಗೇರುಹಣ್ಣಿನ ವಾಸನೆಯೇ ಇಲ್ಲ, ಬರೀ ಸ್ಪಿರಿಟ್ಟಿನ ಉರಿ. ಅಲ್ಲೇ ಚೆಲ್ಲಿದೆ. ಕೈ ನಡುಗುತ್ತಿತ್ತು. ಮಾಡಿದವರ ಹೆಸರಿಲ್ಲದ್ದನ್ನು ಅಂದಿನಿಂದ ಮುಟ್ಟುವುದಿಲ್ಲ.

ನಾಸಿಕ್‌ಗೆ ಹೋಗುವ ಮಾತು ಬಂದಾಗ ಅವ್ವ ತಾನೂ ಬರುತ್ತೇನೆ ಅಂದಳು. ಅವಳಿಗೆ ಪಂಚವಟಿ, ತ್ರ್ಯಂಬಕೇಶ್ವರ ನೋಡಬೇಕಿತ್ತು. ನಾವು ದ್ರಾಕ್ಷಿ ತೋಟಕ್ಕೂ ಹೋಗುತ್ತೇವೆ ಅಂತ ನಾನು ಹೇಳಿದೆ, ಅಲ್ಲಿ ಏನು ಮಾಡುತ್ತಾರೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಳ್ಳಿ ನೋಡ್ತೇನಿ, ಉಳಿದದ್ದು ನಂಗ ಬ್ಯಾಡ" ಅಂದಳು. ಅವ್ವನ ತವರು ವಿಜಯಪುರದ ತಿಕೋಟಾ ಕಡೆ. ದ್ರಾಕ್ಷಿ ಅವಳ ಕೈಬೆಳೆ.

ಫೆಬ್ರವರಿ ತಿಂಗಳು. ಹುಬ್ಬಳ್ಳಿಯಿಂದ ಪುಣೆಗೆ ರಾತ್ರಿ ಬಸ್ಸು, ಅಲ್ಲಿಂದ ಬಾಡಿಗೆ ಕಾರು. ಬೆಳಿಗ್ಗೆ ರಾಮಕುಂಡದಲ್ಲಿ ಅವ್ವ ಗೋದಾವರಿ ನೀರು ತಲೆಗೆ ಚಿಮುಕಿಸಿಕೊಂಡಳು. ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದ ಜಾಗ ಇದೇ ಅಂತ, ನಾಸಿಕ ಅಂದರೆ ಮೂಗು ಅಂತ ಅಲ್ಲಿ ಯಾರೋ ಹೇಳಿದರು. ಹೊರಗೆ ಬಂದು ಚಹಾ ಕುಡಿದೆವು. ಅಂಗಡಿಯವನು ಕುಟ್ಟಾಣಿ ಎತ್ತುವ ಮೊದಲೇ ಅವ್ವ "ಏಲಕ್ಕಿ ಬ್ಯಾಡ, ಶುಂಠಿ ಅಷ್ಟ ಹಾಕಪಾ" ಅಂತ ಮರಾಠಿ ಕನ್ನಡ ಬೆರೆಸಿ ಹೇಳಿದಳು.

ಮೊದಲು ಸುಲಾ ತೋಟಕ್ಕೆ ಹೋದೆವು. ಅದನ್ನು ಶುರು ಮಾಡಿದ ರಾಜೀವ್ ಸಾಮಂತ್ ಅಮೆರಿಕದ ಕೆಲಸ ಬಿಟ್ಟು ಬಂದು ಮನೆತನದ ಹೊಲದಲ್ಲಿ 1997ರಲ್ಲಿ ವೈನ್ ದ್ರಾಕ್ಷಿ ಹಚ್ಚಿದರು. 2000ದಲ್ಲಿ ಮೊದಲ ಬಾಟಲಿ ಬಂತು. 2005ರಲ್ಲಿ ಜನ ಬಂದು ರುಚಿ ನೋಡುವ ಕೋಣೆ ಕಟ್ಟಿದರು. ಸುಲಾ ಅನ್ನುವುದು ಅವರ ತಾಯಿ ಸುಲಭಾ ಅವರ ಹೆಸರಿನಿಂದ ಬಂದದ್ದು. ಇದನ್ನು ಅವ್ವನಿಗೆ ಹೇಳಿದೆ. "ತಾಯಿ ಹೆಸರ ಇದಕ್ಕ ಇಟ್ಟಾನಾ?" ಅಂತ ಎರಡು ಸಲ ಕೇಳಿದಳು. ಜನ ಜಾಸ್ತಿ, ಗದ್ದಲ, ಫೋಟೊ ತೆಗೆಯುವವರ ಸಾಲು. ಅವ್ವನಿಗೆ ಕೂರಲು ಸಮಾಧಾನ ಆಗಲಿಲ್ಲ. ಬೇಗ ಹೊರಟೆವು.

ಮಧ್ಯಾಹ್ನದ ಮೇಲೆ ಗಂಗಾಪುರ ಅಣೆಕಟ್ಟಿನ ಕಡೆ ಒಂದು ಚಿಕ್ಕ ವೈನರಿಗೆ ಹೋದೆವು. ನಾವು ಮೂವರು, ತೋರಿಸುವ ಹುಡುಗಿ ಒಬ್ಬಳು, ಅಷ್ಟೇ ಜನ. ಅವ್ವ ಚಪ್ಪಲಿ ಬಿಟ್ಟು ಸಾಲಿನೊಳಗೆ ಹೋದಳು. ಒಂದು ಗೊಂಚಲನ್ನು ಅಂಗೈಯಲ್ಲಿ ಹಿಡಿದು ತೂಗಿದಳು. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿ ಬೀಜ ಉಗುಳಿದಳು. "ಇಷ್ಟ ಸಣ್ಣ ಕಾಯಿ, ತೊಗಲು ದಪ್ಪ, ಬೀಜ ಬ್ಯಾರೆ. ಇದನ್ನ ಯಾರ ಕೊಳ್ತಾರ?" ಅಂದಳು. ಹುಡುಗಿ ಹೇಳಿದ್ದು ಇದು: ತಿನ್ನುವ ದ್ರಾಕ್ಷಿಗೆ ತೂಕ ಬೇಕು, ವೈನಿಗೆ ಸಾರ ಬೇಕು. ಕೆಂಪು ವೈನಿನ ಬಣ್ಣ ಇರುವುದು ತೊಗಲಿನಲ್ಲೇ, ರಸ ಬಿಳಿ. ಅದಕ್ಕೇ ಬಳ್ಳಿಗೆ ಭಾರ ಆಗದಂತೆ ಹೆಚ್ಚಾದ ಗೊಂಚಲನ್ನು ಎಳೆಯದಾಗಿದ್ದಾಗಲೇ ಕತ್ತರಿಸಿ ನೆಲಕ್ಕೆ ಬಿಡುತ್ತಾರೆ.

ಇದು ಅವ್ವನಿಗೆ ಅರಗಲಿಲ್ಲ. ಎಕರೆಗೆ ಎಷ್ಟು ಟನ್ನು ಅಂತ ಕೇಳಿದಳು. ಹುಡುಗಿ ನಾಲ್ಕು ಅಂದಳು. ತವರಿನಲ್ಲಿ ಅದರ ಎರಡು ಮೂರು ಪಟ್ಟು ಇಳಿಸುವುದನ್ನು ನೋಡಿದವಳು ಅವ್ವ. ಆಮೇಲೆ ಚಾಟ್ನಿ, ಅಂದರೆ ಬಳ್ಳಿ ಸವರುವುದು, ಯಾವಾಗ ಅಂತ ಶುರುವಾಯಿತು ನೋಡಿ! ತಿಕೋಟಾದಲ್ಲಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಎರಡು. ಮೊದಲನೆಯದು ಕಡ್ಡಿ ಗಟ್ಟಿ ಆಗಲು, ಎರಡನೆಯದು ಕಾಯಿ ಹಿಡಿಯಲು. ಇಲ್ಲೂ ಎರಡೇ, ಎರಡನೆಯದು ಸ್ವಲ್ಪ ಬೇಗ. ಪಕ್ಕದ ಸಾಲಿನಲ್ಲಿ ಬುಟ್ಟಿ ಹಿಡಿದಿದ್ದ ಇಬ್ಬರು ಹೆಂಗಸರೂ ಬಂದು ಸೇರಿಕೊಂಡರು. ಅವ್ವನ ಮರಾಠಿ, ಅವರ ಮರಾಠಿ, ನಡುವೆ ಬೆರಳಿನ ಲೆಕ್ಕ. ಅರ್ಧ ತಾಸು ನಮ್ಮನ್ನು ಯಾರೂ ಕೇಳಲಿಲ್ಲ.

ಅಲ್ಲಿಂದಲೇ ತಿಕೋಟಾಕ್ಕೆ ಮಾವನಿಗೆ ವಿಡಿಯೋ ಕಾಲ್ ಮಾಡಿಸಿದಳು. ಬಳ್ಳಿ ತೋರಿಸಿ, ಹತ್ತು ಸಾಲು ಹಚ್ಚಿ ನೋಡ್ತೀಯೇನು ಅಂದಳು. ಮಾವ ನಕ್ಕು ಹೇಳಿದ ಮಾತು ಸರಿಯಾಗಿತ್ತು: "ಅಕ್ಕಾ, ನನ್ನ ದ್ರಾಕ್ಷಿ ಪ್ಯಾಟ್ಯಾಗ ಹೋಗಲಿಲ್ಲಂದ್ರ ಮಣೂಕ (ಒಣದ್ರಾಕ್ಷಿ) ಮಾಡ್ತೇನಿ. ನಾಕು ಕಿಲೋಕ್ಕ ಒಂದು ಕಿಲೋ ಬರತೈತಿ, ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟು ರೇಟ್ ಬರೂತನಕ ಕಾಯ್ತೇನಿ. ಇದನ್ನ ಅವರು ಒಲ್ಲೆ ಅಂದ್ರ ನಾ ಏನ್ ಮಾಡ್ಲಿ?" ಹಾಗೆ ಆದದ್ದೂ ಉಂಟು. 2008ರ ಆರ್ಥಿಕ ಕುಸಿತದ ನಂತರ ವೈನ್ ವ್ಯಾಪಾರ ಬಿದ್ದಾಗ ನಾಸಿಕ್ ಕಡೆಯ ಎಷ್ಟೋ ರೈತರು ವೈನ್ ದ್ರಾಕ್ಷಿಯ ಬಳ್ಳಿ ಕಿತ್ತು ಹಾಕಿದರು. ನಮ್ಮ ಗದಗಿಗೆ ಹತ್ತಿರವೇ, ಹಂಪಿ ಕಡೆಯ ಗುಡ್ಡಗಳಲ್ಲಿ ಕ್ರಿಸ್ಮಾ ತೋಟದವರು ಕ್ಯಾಬರ್ನೆ ಅನ್ನುವ ವೈನ್ ದ್ರಾಕ್ಷಿ ಬೆಳೆದು ಒಳ್ಳೆಯ ಹೆಸರು ಮಾಡಿದ್ದಾರೆ. ಆದರೆ ಸ್ವಂತ ವೈನರಿ ಇರುವವರ ಮಾತೇ ಬೇರೆ, ನಾಲ್ಕೆಕರೆಯ ಮಾವನ ಮಾತೇ ಬೇರೆ. ವೈನ್ ಪ್ರವಾಸದ ಬಗ್ಗೆ ಬರೆಯುವವರು ಇದನ್ನು ಬರೆಯಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಆಮೇಲೆ ಒಳಗೆ ಹೋದೆವು. ಬಾಗಿಲು ತೆಗೆದ ಕೂಡಲೇ ತಂಪು, ಮತ್ತು ಆ ವಾಸನೆ. ಸ್ಟೀಲಿನ ಟಾಕಿಗಳ ಸಾಲು. ರಸ ಹುದುಗುವಾಗ ಬಿಸಿ ಏರುತ್ತದೆ, ಬಿಳಿ ವೈನ್ ಆದರೆ 15 ಡಿಗ್ರಿ ಆಸುಪಾಸಿನಲ್ಲಿ ಹಿಡಿದಿಡಬೇಕು, ಇಲ್ಲದಿದ್ದರೆ ಸುವಾಸನೆ ಹಾರಿಹೋಗುತ್ತದೆ. ಅವ್ವ ಸೆರಗು ಮೂಗಿಗೆ ಹಿಡಿದುಕೊಂಡೇ ಬಂದವಳು ಎರಡು ಹೆಜ್ಜೆಗೆ ನಿಂತಳು. ಸೆರಗು ಕೆಳಗೆ ಬಿಟ್ಟಳು. "ದ್ವಾಸಿ ಹಿಟ್ಟು ಹುಳಿ ಬಂದಂಗ ಐತಿ" ಅಂದಳು. ಟಾಕಿಯ ಮೇಲಿನ ಕೊಳವೆಯಿಂದ ಗುಳುಗುಳು ಅಂತ ಗಾಳಿ ಬರುತ್ತಿತ್ತು. ಅದರ ಹತ್ತಿರ ಕಿವಿ ಇಟ್ಟು ಕೇಳಿದಳು.

ಕೊನೆಗೆ ರುಚಿ ನೋಡುವ ಮೇಜು. ಹುಡುಗಿ ಮೂರು ಗ್ಲಾಸಿನಲ್ಲಿ ತಳ ಮುಚ್ಚುವಷ್ಟು ಬಿಳಿ ವೈನ್ ಸುರಿದಳು. ಸಾವಿನ್ಯೋಂ ಬ್ಲಾಂ ಅನ್ನುವ ದ್ರಾಕ್ಷಿಯದು. ಗ್ಲಾಸ್ ಮೆಲ್ಲಗೆ ತಿರುಗಿಸಿ, ಮೊದಲು ಮೂಗಿನಿಂದ ನೋಡಿ, ಏನು ನೆನಪಾಗುತ್ತದೆ ಹೇಳಿ ಅಂದಳು. ನನಗೆ ಏನೂ ತಿಳಿಯಲಿಲ್ಲ. ಇವರು ನಿಂಬೆಹಣ್ಣು ಇರಬಹುದು ಅಂದರು. ಅವ್ವ ತನ್ನ ಮುಂದಿನ ಗ್ಲಾಸನ್ನು ಮುಟ್ಟಿರಲಿಲ್ಲ. ಸುಮಾರು ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೇ ಒಂದು ಸಲ ಮೂಸಿದಳು.

"ಪ್ಯಾರಲ. ಪೂರಾ ಹಣ್ಣಾಗಿಲ್ಲ, ಇನ್ನೂ ಹಸರ ಐತಿ" ಅಂದಳು.

ನಾನು ಹಿಂದಿಯಲ್ಲಿ ಹೇಳಿದೆ. ಹುಡುಗಿ ಮೇಜು ತಟ್ಟಿ ನಕ್ಕಳು. ಬಂದವರಲ್ಲಿ ಬಹಳ ಜನರಿಗೆ ಇದನ್ನು ಹೇಳಿಕೊಡಬೇಕಾಗುತ್ತದಂತೆ. ಪೇರಲ ಹಣ್ಣಿಗೆ ಆ ಘಮ ಕೊಡುವ ಕೆಲವು ಅಂಶಗಳೇ ಈ ವೈನಿನಲ್ಲೂ ಇರುತ್ತವೆ. ವಿಶೇಷ ಏನಂದರೆ ಅವು ದ್ರಾಕ್ಷಿಯಲ್ಲಿ ಅಡಗಿ ಕೂತಿರುತ್ತವೆ, ರಸ ಹುದುಗುವಾಗ ಯೀಸ್ಟ್ ಬಿಡಿಸಿ ಹೊರಗೆ ತರುತ್ತದೆ. ಎರಡನೆಯ ಗ್ಲಾಸು ಶಿರಾಜ್ ಅನ್ನುವ ದ್ರಾಕ್ಷಿಯ ಕೆಂಪು ವೈನ್. ಅವ್ವ ಮೂಸಿ "ಕರೇ ಮೆಣಸು" ಅಂದಳು. ಅದೂ ಸರಿ. ಹುಡುಗಿ ಇನ್ನೊಬ್ಬರನ್ನು ಕರೆದು ತಂದಳು, ವೈನ್ ಮಾಡುವವರನ್ನೇ. ಅವರು ಅವ್ವನಿಗೆ ಕೈಮುಗಿದರು. ಅವ್ವ ಎರಡನ್ನೂ ತುಟಿಗೆ ಹಚ್ಚಲಿಲ್ಲ. ಗ್ಲಾಸನ್ನು ಜೋಪಾನವಾಗಿ ಮೇಜಿನ ನಡುವಿಗೆ ಸರಿಸಿ ಇಟ್ಟಳು.

ವಾಪಸ್ ಬರುವಾಗ ಕತ್ತಲಾಗಿತ್ತು. ಇವರು ಕಾರು ಓಡಿಸುತ್ತಿದ್ದರು, ನಾನು ಅವ್ವನ ಜೊತೆ ಹಿಂದಿನ ಸೀಟಿನಲ್ಲಿ. ನಿನಗೆ ಅದು ಹೇಗೆ ಗೊತ್ತಾಯಿತವ್ವಾ ಅಂತ ಕೇಳಿದೆ. ಸುಮಾರು ದೂರ ಸುಮ್ಮನೇ ಇದ್ದಳು.

"ಇಪ್ಪತ್ತೆರಡು ವರ್ಷ ನಿಮ್ಮಪ್ಪನ ಬಾಯಿ ವಾಸನಿ ನೋಡೇನಿ. ಬಾಗಿಲಿಗೆ ಬಂದ ಕೂಡಲೇ ಗೊತ್ತಾಕ್ಕಿತ್ತು. ಎಷ್ಟು, ಯಾವಾಗ, ಏನರೆ ತಿಂದಾನೋ ಇಲ್ಲೋ. ಅಂಗಿ ಒಗಿವಾಗ ಗೊತ್ತಾಕ್ಕಿತ್ತು. ಯಾರ ಕಲಸಬೇಕ ನಂಗ?"

ಅಪ್ಪ ಸತ್ತು ಇಷ್ಟು ವರ್ಷ ಆದರೂ ನಮ್ಮ ಮನೆಯಲ್ಲಿ ಈ ಮಾತು ಬಂದಿರಲೇ ಇಲ್ಲ. ಕುಡಿತ ಅನ್ನುವುದು ಎಲ್ಲರಿಗೂ ಗೊತ್ತಿದ್ದು ಯಾರೂ ಎತ್ತದ ವಿಷಯ. ಅತ್ತೆಯ ಪ್ರಶ್ನೆಗೆ ನನ್ನ ಬಳಿ ಉತ್ತರ ಅಂತ ಇದ್ದರೆ ಆ ಕಾರಿನ ಹಿಂದಿನ ಸೀಟು ಅಷ್ಟೇ. ಮಾಡುವ ಜಾಗಕ್ಕೆ ಹೋಗಿ, ಕಾಳು ಜಗಿದು, ಟಾಕಿಗೆ ಕಿವಿ ಇಟ್ಟು ಕೇಳಿದ ಮೇಲೆ ನಮಗೆ ಅದರ ಬಗ್ಗೆ ಬಾಯಿ ಬಿಡಲು ಬಂತು.

ಅಪ್ಪನಿಗೆ ಅದು ಗೊತ್ತಿತ್ತಾ, ನೀನು ವಾಸನೆ ನೋಡುವುದು, ಅಂತ ಕೇಳಿದೆ.

"ಗೊತ್ತಿತ್ತು. ಅದಕ್ಕ ಓಣಿ ತುದಿಗೆ ನಿಂತು ಏಲಕ್ಕಿ ಅಗದು ಬರ್ತಿದ್ದ. ಕಡಿಕಡಿಗೆ ಏಲಕ್ಕಿ ವಾಸನಿ ಬಂದ್ರನ ನನ್ನ ಎದಿ ಧಸಕ್ ಅಂತಿತ್ತು" ಅಂದಳು.

ನಮ್ಮ ಮನೆಯ ಚಹಾಕ್ಕೆ, ಪಾಯಸಕ್ಕೆ ಅವ್ವ ಏಲಕ್ಕಿ ಹಾಕಿದ್ದೇ ಇಲ್ಲ. ದುಬಾರಿ ಅಂತ ಹಾಕುವುದಿಲ್ಲ ಅಂದುಕೊಂಡಿದ್ದೆ. ಮದುವೆಯ ರಾತ್ರಿ ಆ ಹಾವೇರಿ ಹಾರವನ್ನು ನನ್ನ ಕೊರಳಿಂದ ತಾನೇ ತೆಗೆದು, ಚೀಲದಲ್ಲಿ ಕಟ್ಟಿ, ಪಕ್ಕದ ಮನೆಯಲ್ಲಿ ಇಟ್ಟು ಬಂದಿದ್ದಳು. ಯಾಕವ್ವಾ ಅಂದದ್ದಕ್ಕೆ "ಇರುವಿ ಹತ್ತತಾವ" ಅಂದಿದ್ದಳು.